ದೊಡ್ಡಮ್ಮ ಪತ್ತಾಯ ಒಡೆಸಿದ್ದು

ನಮ್ಮ ದೊಡ್ಡಮ್ಮ ಕಾರ್ಕಳದಿಂದ ಬರುತ್ತಾರಂತೆ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಮನೆಯ ಹಳೆಯ ಸಾಮಾನುಗಳಿಗೆಲ್ಲ ಚಳಿಜ್ವರ ಹಿಡಿಯುತ್ತಿತ್ತು! ಕಾಲು ಮುರಿದ ಕುರ್ಚಿ ಗೋಡೆಗೆ ಒರಗಿ ಗಟ್ಟಿಮುಟ್ಟಾದವರಂತೆ ನಿಲ್ಲುತ್ತಿತ್ತು. ತೂತು ಬಿದ್ದ ಕೊಡಪಾನ ತನ್ನ ತೂತನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿತ್ತು. ನಂಬುವುದಿಲ್ಲವೇ? ಹಾಗೆ ತಿರುಗಿಸಿ ಇಡುತ್ತಿದ್ದದ್ದು ನನ್ನ ಅಮ್ಮ, ಒಪ್ಪಿದೆ. ಆದರೆ ಕೈಕಾಲು ಇದ್ದಿದ್ದರೆ ಆ ಸಾಮಾನುಗಳೇ ಅಷ್ಟನ್ನು ಮಾಡಿಕೊಳ್ಳುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಕಾರ್ಕಳದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ದೊಡ್ಡಪ್ಪ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಲೋಕದಲ್ಲಿ ಸಾಮಾನು ಕೂಡಿಡುವವರಿದ್ದಾರೆ, ಎಸೆಯುವವರಿದ್ದಾರೆ. ದೊಡ್ಡಮ್ಮ ಮೂರನೆಯ ಜಾತಿ, ಇನ್ನೊಬ್ಬರ ಸಾಮಾನು ಎಸೆಯುವವರು! ಅವರ ಸ್ವಂತ ಮನೆಯಲ್ಲಿ ಎಸೆಯಲು ಏನೂ ಉಳಿದಿರಲಿಲ್ಲವಲ್ಲ. ಎರಡು ಬಟ್ಟಲು, ಎರಡು ಲೋಟ, ಒಂದು ಕುರ್ಚಿ. ಅತಿಥಿಗಳು ಬಂದರೆ ಕುರ್ಚಿ ಅವರಿಗೆ, ದೊಡ್ಡಮ್ಮ ನಿಂತುಕೊಂಡೇ ಮಾತನಾಡುವುದು. ಇಬ್ಬರು ಅತಿಥಿಗಳು ಬಂದರೆ ಮೂವರೂ ನಿಂತುಕೊಳ್ಳುವುದು. ಯಾರೋ ಪಾಪ, ಪ್ರೀತಿಯಿಂದ ಒಂದು ಗೋಡೆ ಗಡಿಯಾರ ತಂದುಕೊಟ್ಟರಂತೆ. ಅವರು ವಾಪಸು ಮನೆ ಸೇರುವ ಮೊದಲೇ ಆ ಗಡಿಯಾರ ಅವರದೇ ಪಕ್ಕದ ಮನೆಯ ಗೋಡೆಯಲ್ಲಿ ಟಣಟಣ ಹೊಡೆಯುತ್ತಿತ್ತು.

ಒಮ್ಮೆ ಉಡುಪಿಗೆ ಬರುವಾಗ ಬಸ್ಸಿನಲ್ಲಿ ಡ್ರೈವರನ ಎದುರು ತೂಗಾಡುತ್ತಿದ್ದ ಒಣಗಿದ ಹೂಮಾಲೆಗಳನ್ನು ಕಂಡು ಇವರಿಗೆ ಸಹಿಸಲಾಗಲಿಲ್ಲ. “ಎಂತ ಮಾರಾಯ, ಇದು ದೇವರಿಗೆ ಹಾಕಿದ ಮಾಲೆಯಾ, ದನಕ್ಕೆ ಇಟ್ಟ ಹುಲ್ಲಾ?” ಎಂದು ಎದ್ದುಹೋಗಿ ಒಂದೊಂದನ್ನೇ ಬಿಚ್ಚಿದರು. ಮಾಲೆಗಳ ಹಿಂದಿನಿಂದ ದೇವರ ಪಟ ಹೊರಬಂತು. ಅದರ ಪಕ್ಕದಲ್ಲಿ, ಎಷ್ಟೋ ಕಾಲದಿಂದ ಕಳೆದುಹೋಗಿದೆ ಎಂದು ಡ್ರೈವರ್ ಹುಡುಕುತ್ತಿದ್ದ ಅವನ ಕನ್ನಡಕವೂ ಹೊರಬಂತು! ಇಷ್ಟು ದಿನ ಅವನು ಕನ್ನಡಕ ಇಲ್ಲದೆ ನಮ್ಮನ್ನೆಲ್ಲ ಹೊತ್ತು ತಿರುಗಿದ್ದನೇ ಎಂದು ಬಸ್ಸಿಡೀ ಗಾಬರಿ. ಆ ಮೇಲೆ ಆ ಬಸ್ಸಿನಲ್ಲಿ ದೊಡ್ಡಮ್ಮನಿಗೆ ಮುಂದಿನ ಸೀಟು ಖಾಯಂ ಆಯಿತು.

ಇನ್ನು ನನ್ನ ಅಮ್ಮ. ಒಂದೇ ತಾಯಿಯ ಮಕ್ಕಳೆಂದು ಯಾರು ಹೇಳಬೇಕು? ಅಮ್ಮನ ಬಾಯಲ್ಲಿ ಒಂದೇ ಮಂತ್ರ: “ಇರಲಿ, ಬೇಕಾದೀತು.” ಹರಿದ ಕೊಡೆ? ಇರಲಿ, ಬೇಕಾದೀತು. ಕೊಡೆಯ ಬಟ್ಟೆಯೂ ಹೋಗಿ ಬರೀ ಕಡ್ಡಿಗಳು ಉಳಿದವು. ಅವೂ ಇರಲಿ, ಬೇಕಾದಾವು! ಉಡುಪಿ ಕಡಿಯಾಳಿಯ ನಮ್ಮ ಮನೆಯ ಪಡುಬದಿಯ ಕೋಣೆ ಈ ಮಂತ್ರಶಕ್ತಿಯಿಂದಲೇ ಮಾಡಿನ ಹೆಂಚಿನವರೆಗೆ ತುಂಬಿತ್ತು. ನಡುವೆ ಒಂದು ದೊಡ್ಡ ಪತ್ತಾಯ, ಅಂದರೆ ಭತ್ತ ತುಂಬಿಡುವ ಮರದ ಪೆಟ್ಟಿಗೆ. ಗದ್ದೆ ಬಿಟ್ಟು ಪೇಟೆಗೆ ಬಂದ ಮೇಲೆ ಅದರಲ್ಲಿ ಭತ್ತವಿಲ್ಲ, ಪಾತ್ರೆಯಿಲ್ಲದ ಮುಚ್ಚಳಗಳು ಮತ್ತು ಮುಚ್ಚಳವಿಲ್ಲದ ಪಾತ್ರೆಗಳು. “ಅಕ್ಕ ನಿಟ್ಟೆಯಲ್ಲಿ ಅಜ್ಜಿಯ ಮುದ್ದಿನಲ್ಲಿ ಬೆಳೆದವಳು, ಅದಕ್ಕೇ ಈ ಹಟ” ಎಂದು ಅಮ್ಮ ಆಗಾಗ ಹೇಳುವುದಿತ್ತು. ಆ ಮಾತಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆಂದು ನನ್ನ ಅನುಮಾನ.

ಇದು ಅರವತ್ತರ ದಶಕದ ಮಾತು. ನನಗೆ ಮಣಿಪಾಲದಲ್ಲಿ ಗುಮಾಸ್ತಿಕೆ. ನನ್ನ ಹೆಂಡತಿ ಎರಡನೆಯ ಬಾರಿ ತುಂಬು ಬಸುರಿ, ಚೌತಿಯ ಹೊತ್ತಿಗೆ ಹೆರಿಗೆ. ಮಗಳು ಸುಮಳಿಗೆ ನಾಲ್ಕು ವರ್ಷ, ಇನ್ನೂ ಅಮ್ಮನ ಸೆರಗು ಹಿಡಿದೇ ಮಲಗುವವಳು. ಬಾಣಂತಿ, ಹಸುಗೂಸು, ಮೇಲೆ ಇವಳು, ಇಷ್ಟನ್ನೂ ಒಬ್ಬಳೇ ನೋಡಿಕೊಳ್ಳುವುದು ಹೇಗೆಂದು ಅಮ್ಮ ಯೋಚಿಸಿದರು. ನಮ್ಮ ಕಡೆ ಇದಕ್ಕೆ ಮೊದಲಿನಿಂದಲೂ ಒಂದೇ ಪರಿಹಾರ, ದೊಡ್ಡ ಮಗುವನ್ನು ಅಜ್ಜಿ ಮನೆಗೆ ಕಳಿಸುವುದು. ಹೆಂಡತಿಯ ತವರು ಕಾಪು. “ಎರಡು ತಿಂಗಳು ಅಲ್ಲಿರಲಿ. ಆಡಲಿಕ್ಕೆ ಬೇಕಾದಷ್ಟು ಹೊಯಿಗೆ ಉಂಟು, ಕಡಲು ಉಂಟು” ಎಂದು ತೀರ್ಮಾನವಾಯಿತು. ನಾನು ಮನೆಯ ಯಜಮಾನ, ಆದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ. ಹೆಂಡತಿ ಮಾತ್ರ ಆ ದಿನದಿಂದ ಸುಮಳ ತಲೆ ಬಾಚುವಾಗ ತುಂಬ ಹೊತ್ತು ತೆಗೆದುಕೊಳ್ಳತೊಡಗಿದಳು.

ಕಾರ್ಕಳಕ್ಕೆ ಈ ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಆಟಿ ತಿಂಗಳ, ಅಂದರೆ ತುಳುವರ ಆಷಾಢದ, ಒಂದು ಬೆಳಿಗ್ಗೆ ದೊಡ್ಡಮ್ಮ ಕೊಡೆ ಮಡಚಿಕೊಂಡು ಜಗಲಿ ಹತ್ತಿದರು. ಕಾಲು ತೊಳೆಯುವ ಮೊದಲೇ, “ಸುಮ ಎಲ್ಲಿಗೂ ಹೋಗುವುದಿಲ್ಲ. ಅವಳಿಗೆ ಇಲ್ಲಿಯೇ ಒಂದು ಕೋಣೆ ಆಗಬೇಕು. ಪಡುಬದಿಯ ಕೋಣೆ ಖಾಲಿ ಮಾಡು” ಎಂದರು.

ಚಾವಡಿಯಲ್ಲಿ ಸಿಡಿಲು ಬಿದ್ದಂತಾಯಿತು. ನೀವೇ ಹೇಳಿ, ಆ ಕಾಲದಲ್ಲಿ ನಾಲ್ಕು ವರ್ಷದ ಮಗುವಿಗೆ ಕೋಣೆ ಎಂದರೆ ಎಂತ ಮಾತು? ನನಗೇ ಒಂದು ಕೋಣೆ ಸಿಕ್ಕಿದ್ದು ಮದುವೆಯಾದ ಮೇಲೆ! ಮಕ್ಕಳು ಎಂದರೆ ಚಾವಡಿಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿಸುವ ವಸ್ತುಗಳು.

ಅಮ್ಮ ಕೊನೆಗೂ ಒಂದು ಆಯುಧ ಹುಡುಕಿದರು. “ಆಟಿಯಲ್ಲಿ ಯಾರಾದರೂ ಹೊಸ ಕೆಲಸ ಶುರು ಮಾಡ್ತಾರಾ ಅಕ್ಕ?”

“ಹೊಸದು ಮಾಡಬಾರದು, ಸರಿ. ಹಳತನ್ನು ಎಸೆಯಬಾರದು ಅಂತ ಯಾರು ಹೇಳಿದ್ದು?”

ಅದನ್ನು ಯಾರೂ ಹೇಳಿರಲಿಲ್ಲ. ಮರುಕ್ಷಣ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಯಿತು. ಮುಂದಿನ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಖಾರ ಅರ್ಧ ಇಳಿದಿದೆ ಎಂದು ನೀವು ತಿಳಿದುಕೊಳ್ಳಬೇಕು.

ಜಗಲಿಯಲ್ಲಿ ಮೂರು ರಾಶಿ ಹಾಕುವುದೆಂದು ಅಪ್ಪಣೆಯಾಯಿತು. ಎಸೆಯುವುದು ಒಂದು ಕಡೆ, ಯಾರಿಗಾದರೂ ಕೊಡುವುದು ಇನ್ನೊಂದು ಕಡೆ. ಮೂರನೆಯದು, “ಎಸೆದರೆ ನೀನು ಅಳ್ತಿ ಅಂತ ಇರುವುದನ್ನು ಅಲ್ಲಿಡು. ಅದಕ್ಕೆ ಕೈ ಹಾಕುವುದಿಲ್ಲ.” ದೊಡ್ಡಮ್ಮ ಇಷ್ಟು ಉದಾರಿಗಳು ಎಂದು ನನಗೆ ಆಶ್ಚರ್ಯವಾಯಿತು. ಅರ್ಧ ಗಂಟೆಯಲ್ಲಿ ನೋಡಿದರೆ ಕೋಣೆಯ ಸರ್ವಸ್ವವೂ ಅಳುವ ರಾಶಿಯಲ್ಲಿತ್ತು!

“ಈ ಮುಚ್ಚಳಕ್ಕೆ ಯಾಕೆ ಅಳುವುದು ಮಾರಾಯ್ತಿ?”

“ಅದರ ಪಾತ್ರೆ ನೆನಪಾಗ್ತದೆ.”

“ಪಾತ್ರೆ ಎಲ್ಲುಂಟು?”

“ಅದನ್ನು ನೀನೇ ಹೋದ ಸಲ ಬಂದಾಗ ಎಸೆದದ್ದು.”

ದೊಡ್ಡಮ್ಮ ಮುಚ್ಚಳವನ್ನು ಅಳುವ ರಾಶಿಗೇ ಬಿಟ್ಟರು. ಆದರೆ ಸೋತದ್ದು ಅಷ್ಟೊಂದೇ ಸಲ. ಆಮೇಲೆ ಕೊಡೆಯ ಕಡ್ಡಿಗಳು, ನಿಂತ ಗಡಿಯಾರ, ಯಾರ‍್ಯಾರದೋ ಮದುವೆಯ ಕರೆಯೋಲೆಗಳ ಕಟ್ಟು, ಎಲ್ಲಕ್ಕೂ “ಯಾವಾಗ ಬೇಕಾದೀತು?” ಎಂಬ ಒಂದೇ ಪ್ರಶ್ನೆ. ಉತ್ತರವಿಲ್ಲದವು ಅಂಗಳಕ್ಕೆ.

ಅಕ್ಕತಂಗಿಯರ ಜಗಳದಲ್ಲಿ ಮಗ ಬಡವಾದ. ರಾಶಿಯ ಅಡಿಯಿಂದ ನನ್ನ ಹಾರ್ಮೋನಿಯಂ ಹೊರಬಂತು.

“ಇದು ಎಂತ?”

“ಹಾರ್ಮೋನಿಯಂ, ದೊಡ್ಡಮ್ಮ.”

“ಬಾರಿಸ್ತೀಯಾ?”

“ಕಲಿಯಬೇಕೂಂತ ಉಂಟು.”

“ಎಷ್ಟು ವರ್ಷದಿಂದ ಉಂಟು?”

ಉತ್ತರ ಕೊಟ್ಟದ್ದು ಬೇಲಿಯಾಚೆಯ ಮನೆಯವರು. “ಕೊಟ್ಟುಬಿಡಿ ಟೀಚರಮ್ಮ, ನಿಮಗೆ ಪುಣ್ಯ ಬರ್ತದೆ!” ಎಂದು ಅವರು ಕಿಟಕಿಯಿಂದಲೇ ಕೈ ಮುಗಿದರು. ಕಲೆಗೆ ನಮ್ಮ ಊರಿನಲ್ಲಿ ಇಷ್ಟೇ ಬೆಲೆ. ಹಾರ್ಮೋನಿಯಂ ಕೊಡುವ ರಾಶಿಗೆ ಹೋಯಿತು.

ಕೊನೆಯಲ್ಲಿ ಪತ್ತಾಯದ ತಳದಿಂದ ಅಮ್ಮ ಒಂದು ಚೆನ್ನೆಮಣೆ ಎತ್ತಿದರು. ಎರಡು ಸಾಲು ಗುಳಿಗಳಿರುವ ಮರದ ಹಲಗೆ, ಗುಳಿಯಿಂದ ಗುಳಿಗೆ ಕಾಳು ಹಂಚುತ್ತ ಆಡುವ ಆಟ. ನಮ್ಮಲ್ಲಿ ಅದನ್ನು ಆಟಿಯಲ್ಲಿ ಮಾತ್ರ ಆಡುವುದು. ಅಕ್ಕತಂಗಿಯರು ಎದುರುಬದುರು ಕೂತು ಆಡಲೇಬಾರದು, ಕೇಡು ಎಂಬ ನಂಬಿಕೆ. “ಇದನ್ನು ಇನ್ನೂ ಇಟ್ಟಿದ್ದೀಯಾ?” ಎಂದರು ದೊಡ್ಡಮ್ಮ. ಅಮ್ಮ ಅದನ್ನು ಅಳುವ ರಾಶಿಯ ಹಿಂಬದಿಗೆ ಸರಿಸಿದರು. ಆಶ್ಚರ್ಯವೆಂದರೆ, ‘ಯಾವಾಗ ಬೇಕಾದೀತು’ ಎಂಬ ಪ್ರಶ್ನೆ ಅದಕ್ಕೆ ಮಾತ್ರ ಬರಲಿಲ್ಲ.

ಕೋಣೆ ಖಾಲಿಯಾಯಿತು. ನಡುವೆ ಪತ್ತಾಯವೊಂದೇ ಆನೆಯ ಹಾಗೆ ನಿಂತಿತ್ತು. ದೊಡ್ಡಮ್ಮ ಬಡಗಿ ಆಚಾರಿಯನ್ನು ಕರೆಸಿದರು. ಅವನು ಬಂದ, ವೀಳ್ಯ ಹಾಕಿದ, ಕೈ ಮುಗಿದ. “ಆಟಿಯಲ್ಲಿ ಹೊಸ ಕೆಲಸಕ್ಕೆ ಉಳಿ ಎತ್ತುವುದಿಲ್ಲ ಅಮ್ಮ. ಮುಂದಿನ ತಿಂಗಳು ಸೋಣ ಬರಲಿ.”

“ಹೊಸ ಕೆಲಸ ಯಾರು ಹೇಳಿದ್ದು? ಒಡೆಯುವ ಕೆಲಸ ಇರುವುದು. ಈ ಪತ್ತಾಯ ಒಡೆ.”

ಒಡೆಯಲು ಆಟಿಯ ಅಡ್ಡಿಯಿಲ್ಲ. ಆಚಾರಿ ಒಡೆದ. ಅಮ್ಮ ಅಡುಗೆಮನೆಯಲ್ಲಿ ಕೂತು ಒಂದೊಂದು ಪೆಟ್ಟಿಗೂ ‘ಅಯ್ಯೋ’ ಎಂದರು. ಹಲಗೆಗಳೆಲ್ಲ ಬಿಡಿಬಿಡಿಯಾಗಿ ಬಿದ್ದವು.

“ಈಗ ಇವನ್ನು ಜೋಡಿಸು” ಎಂದರು ದೊಡ್ಡಮ್ಮ.

“ಅದು ಹೊಸ ಕೆಲಸ ಆಗ್ತದಲ್ಲ ಅಮ್ಮ?”

“ಹೊಸತು ಹೇಗೆ? ಮೊದಲೂ ಜೋಡಿಸಿಯೇ ಇತ್ತಲ್ಲ. ನೀನು ಒಡೆದು ಹಾಕಿದ್ದನ್ನು ನೀನೇ ಸರಿ ಮಾಡುವುದು. ಇದಕ್ಕೆ ರಿಪೇರಿ ಅಂತ ಹೆಸರು!”

ಆಚಾರಿ ನನ್ನ ಮುಖ ನೋಡಿದ. ನಾನು ಮಾಡಿನ ಹೆಂಚು ನೋಡಿದೆ. ಸಂಜೆಯ ಹೊತ್ತಿಗೆ ‘ರಿಪೇರಿ’ಯಾದ ಪತ್ತಾಯ ಗೋಡೆಗೆ ಒರಗಿದ ಮೂರು ಹಲಗೆಗಳ ಬಾಗಿಲಿಲ್ಲದ ಕಪಾಟಾಗಿತ್ತು. ಅಳತೆಗೆ ಮೊಳವೂ ಇಲ್ಲ, ಗಜವೂ ಇಲ್ಲ. ಸುಮಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೈ ಎತ್ತಿಸಿ, ಬೆರಳು ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಮೇಲಿನ ಹಲಗೆ. ಅದರಿಂದ ದೊಡ್ಡವರು ಏನು ತೆಗೆಯಬೇಕಾದರೂ ಬಗ್ಗಬೇಕು. “ನನ್ನ ಸೊಂಟ ಹಿಡೀತದೆ” ಎಂದರು ಅಮ್ಮ. “ನಿನಗೆ ಮಾಡಿದ್ದಲ್ಲ” ಎಂದರು ದೊಡ್ಡಮ್ಮ.

ಗೋಡೆಗೆ ಸುಣ್ಣ ಬಳಿದದ್ದೂ ಹಾಗೆಯೇ. ಮೇಲಿನಿಂದ ಬಿಳಿ ಸುಣ್ಣ, ಸುಮಳ ತಲೆಯ ಎತ್ತರದಿಂದ ಕೆಳಗೆ ಕೆಮ್ಮಣ್ಣಿನ ಬಣ್ಣ. “ಕೆಂಪು ಇರುವಲ್ಲಿವರೆಗೆ ನಿನ್ನ ಗೋಡೆ. ಏನು ಬೇಕಾದರೂ ಬರಿ” ಎಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟರು. ಮನೆಯ ಗೋಡೆಯಲ್ಲಿ ಬರೆದು ನಾನು ತಿಂದ ಪೆಟ್ಟುಗಳೆಲ್ಲ ಆ ಕ್ಷಣ ನನ್ನ ಬೆನ್ನಿನಲ್ಲಿ ಮತ್ತೆ ಚುರುಗುಟ್ಟಿದವು! ಸುಮ ಮೊದಲು ಬರೆದದ್ದು ಒಂದು ದೊಡ್ಡ ಸೊನ್ನೆ, ಅದರೊಳಗೆ ಒಂದು ಚಿಕ್ಕ ಸೊನ್ನೆ. ಎಂತ ಅದು ಎಂದು ಕೇಳಿದರೆ, “ಅಮ್ಮನ ಹೊಟ್ಟೆಯಲ್ಲಿ ಪಾಪು” ಎಂದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು.

ಇನ್ನು ಆಟಿಕೆಗಳು. ನಮ್ಮ ಮನೆಯಲ್ಲಿ ಆಟಿಕೆಗೆ ಬರಗಾಲವಿರಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿರುವ ಚಿಕ್ಕಪ್ಪ ಪ್ರತಿ ಸಲ ಬರುವಾಗಲೂ ತರುತ್ತಿದ್ದರು. ಕಣ್ಣು ಮುಚ್ಚಿ ತೆರೆಯುವ ಗೊಂಬೆ, ಕೀಲಿ ಕೊಟ್ಟರೆ ಓಡುವ ರೈಲು, ಡೋಲು ಬಡಿಯುವ ಮಂಗ. ಆದರೆ ಅವೆಲ್ಲ ಇದ್ದದ್ದು ಚಾವಡಿಯ ಗಾಜಿನ ಕಪಾಟಿನೊಳಗೆ, ಬೀಗ ಹಾಕಿ. ಬೀಗದ ಕೈ ಅಮ್ಮನ ಸೊಂಟದಲ್ಲಿ. ನಮ್ಮ ಮನೆ ಮಾತ್ರ ಹೀಗೆ ಎಂದುಕೊಳ್ಳಬೇಡಿ, ಆಗಿನ ಉಡುಪಿಯಲ್ಲಿ ಬೊಂಬಾಯಿಯ ನೆಂಟರಿದ್ದ ಮನೆಗಳೆಲ್ಲ ಹೀಗೆಯೇ. ಮಕ್ಕಳ ಆಟಿಕೆ ಎಂದರೆ ಬಂದವರು ನೋಡಲಿಕ್ಕೆ! ಮಕ್ಕಳು ಗಾಜಿಗೆ ಮೂಗು ಒತ್ತಿ ಆಡಬೇಕು.

“ಬೀಗದ ಕೈ ಕೊಡು” ಎಂದು ದೊಡ್ಡಮ್ಮ ಕೈ ಚಾಚಿದರು.

“ಒಡೆದುಹಾಕ್ತಾಳೆ ಅಕ್ಕ!”

“ಒಡೆಯಲಿ. ಒಡೆಯದ ಗೊಂಬೆ ಗೊಂಬೆಯಾ?”

ಬಹಳ ಹೊತ್ತು ಎಳೆದಾಟವಾಗಿ ಕೊನೆಗೆ ಗೊಂಬೆ ಒಂದಕ್ಕೆ ಮಾತ್ರ ಬಿಡುಗಡೆಯಾಯಿತು. ದೊಡ್ಡಮ್ಮ ಗೆದ್ದ ಠೀವಿಯಲ್ಲಿ ಅದನ್ನು ತಂದು ಮೇಲಿನ ಹಲಗೆಯಲ್ಲಿ ಕೂರಿಸಿದರು. ಪಕ್ಕದಲ್ಲಿ ಅವರೇ ಜೋಡಿಸಿದ ಸಾಮಾನುಗಳು. ಉಜ್ಜಿ ನಯ ಮಾಡಿದ ತೆಂಗಿನ ಗೆರಟೆಗಳು, ಒಂದು ಬುಟ್ಟಿ ಕವಡೆ, ಆಚಾರಿ ಉಳಿಸಿಕೊಟ್ಟ ಮರದ ತುಂಡುಗಳು. ಇಷ್ಟೇ. “ಕಪಾಟು ತುಂಬಿದರೆ ಮಗುವಿನ ತಲೆ ಖಾಲಿ” ಎಂದು ಅವರ ಸಿದ್ಧಾಂತ. ಬೇಲಿಯಾಚೆಯ ಮಕ್ಕಳನ್ನೂ ಕರೆದು, ಎಲ್ಲರೂ ಒಟ್ಟಿಗೆ ಆಡಿ ಎಂದು ಹೇಳಿ, ನಾವೆಲ್ಲ ಕಿಟಕಿಯಿಂದ ನೋಡುತ್ತ ನಿಂತೆವು.

ಸುಮ ಹಲಗೆಯ ಮುಂದೆ ಎರಡೂ ಕೈ ಅಗಲಿಸಿ ನಿಂತು ಆ ಮಕ್ಕಳಿಗೆ ಗಂಭೀರವಾಗಿ ಹೇಳಿದಳು: “ಗೊಂಬೆ ಮುಟ್ಟಬಾರದು. ಅದು ನೋಡ್ಲಿಕ್ಕೆ ಮಾತ್ರ!”

ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂಜೆ ಕೆಸುವಿನೆಲೆಯ ಪತ್ರೊಡೆಗೆ ಒಂದು ಚಮಚ ಎಣ್ಣೆ ಜಾಸ್ತಿ ಬಿತ್ತು. ಆದರೆ ಗೆರಟೆಗಳಿಗೆ ಅಂಥ ನಿಯಮವಿರಲಿಲ್ಲ. ಮಕ್ಕಳು ಅವುಗಳಲ್ಲಿ ಅನ್ನ ಬೇಯಿಸಿದರು, ದೋಣಿ ಮಾಡಿದರು, ಒಬ್ಬ ತಲೆಗೆ ಹಾಕಿಕೊಂಡು ಪೊಲೀಸನಾದ. ಆ ರಾತ್ರಿ ಸುಮ ಅಮ್ಮನ ಸೆರಗು ಕೇಳದೆ, ತನ್ನ ಕೆಂಪು ಗೋಡೆಯ ಪಕ್ಕ ಚಾಪೆ ಹಾಸಿಸಿಕೊಂಡು, ದೊಡ್ಡಜ್ಜಿಯ ಜೊತೆ ಮಲಗಿದಳು.

ಇಷ್ಟೆಲ್ಲ ಆದರೂ ಕಾಪುವಿನ ಏರ್ಪಾಡು ರದ್ದಾಗಿರಲಿಲ್ಲ ನೋಡಿ! ಕೋಣೆ ಬೇರೆ, ಬಾಣಂತನ ಬೇರೆ ಎಂಬುದು ಅಮ್ಮನ ವಾದ. ಆ ವಾರ ಕಳೆಯುವುದರೊಳಗೆ ಹೆಂಡತಿಯ ಅಣ್ಣ ಮಗುವನ್ನು ಕರೆದೊಯ್ಯಲು ಬಂದೇಬಿಟ್ಟರು. ಅಮ್ಮ ಸುಮಳ ಅಂಗಿ, ಲಂಗಗಳನ್ನು ಮಡಚಿ ಒಂದು ಗಂಟು ಕಟ್ಟಿ ಜಗಲಿಯಲ್ಲಿಟ್ಟರು. ಸುಮ ಅಳಲಿಲ್ಲ. ಗಂಟನ್ನೊಮ್ಮೆ ನೋಡಿ, ಒಳಗೆ ಹೋಗಿ, ತನ್ನ ಕಪಾಟಿನ ಕೆಳಗಿನ ಖಾನೆಯೊಳಗೆ ನುಸುಳಿ ಕೂತುಬಿಟ್ಟಳು.

ದೊಡ್ಡಮ್ಮ ಬಂದರು. ಈಗ ಮಹಾಯುದ್ಧ ಎಂದುಕೊಂಡು ನಾನು ಭಾವನವರನ್ನು ಮೆಲ್ಲನೆ ಬಾಗಿಲಿನ ಹತ್ತಿರಕ್ಕೆ ಸರಿಸಿದೆ. ಆದರೆ ದೊಡ್ಡಮ್ಮ ಕೂಗಾಡಲಿಲ್ಲ. ಗಂಟಿನ ಪಕ್ಕ ಕೂತು ಅದನ್ನು ಬಿಚ್ಚಿದರು. ಒಂದೊಂದೇ ಅಂಗಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಳ್ಳತೊಡಗಿದರು.

“ಎರಡು ತಿಂಗಳ ಮಾತಲ್ವಾ ಅಕ್ಕ?” ಎಂದರು ಅಮ್ಮ.

“ನನಗೂ ಎರಡು ತಿಂಗಳು ಅಂತಲೇ ಹೇಳಿದ್ದು.”

ದೊಡ್ಡಮ್ಮ ಇನ್ನೊಂದು ಅಂಗಿ ತೆಗೆದರು.

“ನೀನು ಹುಟ್ಟುವಾಗ ನನಗೂ ಇವಳಷ್ಟೇ ಪ್ರಾಯ. ಇಷ್ಟೇ ದೊಡ್ಡ ಗಂಟು ಕಟ್ಟಿ ನಿಟ್ಟೆಗೆ, ಅಜ್ಜಿ ಮನೆಗೆ ಕಳಿಸಿದ್ದು. ಮತ್ತೆ ನಿನಗೆ ಜ್ವರ ಅಂತ ಕರ್ಕೊಂಡು ಬರಲಿಲ್ಲ. ಮತ್ತೆ ಅಜ್ಜಿಗೆ ಜೊತೆ ಬೇಕು ಅಂದರು. ಮತ್ತೆ ಅಲ್ಲಿಯೇ ಶಾಲೆಗೆ ಹಾಕಿದರು. ಗಂಟು ಬಿಚ್ಚಿ ಇಡ್ಲಿಕ್ಕೆ ಅಜ್ಜಿ ಒಂದು ಪೆಟ್ಟಿಗೆ ಕೊಟ್ಟಿದ್ದರು. ನಾನು ಬಿಚ್ಚಲೇ ಇಲ್ಲ. ನಾಳೆ ಕರೀಲಿಕ್ಕೆ ಬಂದರೆ ತಡ ಆಗಬಾರದಲ್ಲ?” ಎಂದು ದೊಡ್ಡಮ್ಮ ನಕ್ಕರು. “ನನ್ನ ಮದುವೆಗೂ ಬಂದೆ ನೋಡು ಮನೆಗೆ, ನೆಂಟರ ಹಾಗೆ.”

ನನಗೆ ಕಾರ್ಕಳದ ಆ ಎರಡು ಬಟ್ಟಲು, ಎರಡು ಲೋಟ, ಒಂದು ಕುರ್ಚಿ ನೆನಪಾದವು. ನಾವೆಲ್ಲ ಎಷ್ಟು ನಕ್ಕಿದ್ದೆವು! ಒಂದು ಗಂಟಿನಲ್ಲಿ ಹಿಡಿಯುವುದಕ್ಕಿಂತ ಹೆಚ್ಚನ್ನು ಅವರು ಯಾವತ್ತೂ ತಮ್ಮದು ಎಂದುಕೊಂಡಿರಲಿಲ್ಲ.

ಅಮ್ಮ ಎದ್ದರು. ದೊಡ್ಡಮ್ಮನ ಮೊಣಕಾಲ ಮೇಲಿನ ಅಂಗಿಗಳನ್ನು ಎತ್ತಿಕೊಂಡು ಪಡುಬದಿಯ ಕೋಣೆಗೆ ಹೋಗಿ, ಸೊಂಟ ಹಿಡಿಯುತ್ತದೆ ಎಂದವರೇ ಬಗ್ಗಿ, ನಡುವಿನ ಹಲಗೆಯಲ್ಲಿ ಒಪ್ಪವಾಗಿ ಜೋಡಿಸಿದರು. “ಹೊರಗೆ ಬಾ ಮಗಾ, ನೀನು ಎಲ್ಲಿಗೂ ಹೋಗುವುದಿಲ್ಲ” ಎಂದರು. ಆ ಮೇಲೆ ಜಗಲಿಯ ಅಳುವ ರಾಶಿಯ ಹಿಂದೆ ಕೈ ಹಾಕಿ ಚೆನ್ನೆಮಣೆ ತಂದರು. ಸೆರಗಿನಿಂದ ಅದರ ಧೂಳು ಒರೆಸಿದರು.

“ಇದು ನಿನ್ನದು. ನೀನು ಬಂದ ಮೇಲೆ ಆಡ್ಲಿಕ್ಕೆ ಅಂತ ನಮ್ಮ ಅಮ್ಮ ತೆಗೆದಿಟ್ಟದ್ದು. ನೀನು ಬಂದದ್ದೆಲ್ಲ ಒಂದೊಂದು ದಿನಕ್ಕೆ. ನಾನು ನಿನ್ನೊಟ್ಟಿಗೆ ಆಡ್ಲಿಕ್ಕೆ ಕೇಳಿದರೆ ಅಕ್ಕತಂಗಿ ಆಡಬಾರದು ಅಂತ ಬೈದರು. ಹಾಗೆ ಯಾರೂ ಆಡದೆ ಉಳೀತು.”

ದೊಡ್ಡಮ್ಮ ಗುಳಿಗಳ ಮೇಲೆ ಬೆರಳಾಡಿಸಿದರು. “ಇದು ಆಟಿಯೇ ಅಲ್ವಾ ಈಗ?”

“ಆಟಿ ಹೌದು. ಆದರೆ ಅಕ್ಕತಂಗಿ…”

“ನಾವು ಈಗ ಅಕ್ಕತಂಗಿಯಾ ಮಾರಾಯ್ತಿ? ಇಬ್ಬರು ಅಜ್ಜಿಯಂದಿರು! ಅಜ್ಜಿಯಂದಿರು ಆಡಬಾರದು ಅಂತ ಯಾರು ಹೇಳಿದ್ದು?”

ಅದನ್ನೂ ಯಾರೂ ಹೇಳಿರಲಿಲ್ಲ. ಸುಮಳ ಕೋಣೆಯ ನೆಲದಲ್ಲಿ ಇಬ್ಬರೂ ಎದುರುಬದುರು ಕೂತರು. ಗುಳಿಗೆ ಹಾಕಲು ಕಾಳಿಲ್ಲ ಎಂದಾಗ ಸುಮ ತನ್ನ ಕವಡೆಯ ಬುಟ್ಟಿಯನ್ನು ತಂದು ನಡುವೆ ಸುರಿದಳು. ಮೊದಲ ಆಟದಲ್ಲೇ ಅಮ್ಮ ಮೋಸ ಮಾಡಿದರು, ದೊಡ್ಡಮ್ಮ ಕೈ ಹಿಡಿದರು, ಇಬ್ಬರೂ ಮಕ್ಕಳಿಗಿಂತ ಜೋರಾಗಿ ಕಚ್ಚಾಡಿದರು. ಹೆಂಡತಿ ಬಾಗಿಲಿಗೆ ಒರಗಿ ನಿಂತು ಒಂದು ಕಣ್ಣಲ್ಲಿ ನಗುತ್ತ, ಇನ್ನೊಂದನ್ನು ಒರೆಸಿಕೊಳ್ಳುತ್ತಿದ್ದಳು. ಬಂದ ಭಾವನವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಕಾಪುವಿಗೆ ಸುಮಳ ಬದಲು ನನ್ನ ಹಾರ್ಮೋನಿಯಂ ಹೋಯಿತು!

ಚೌತಿ ಕಳೆದು, ಮಗು ಹುಟ್ಟಿ, ಬಾಣಂತನ ಮುಗಿಯುವವರೆಗೂ ದೊಡ್ಡಮ್ಮ ನಮ್ಮಲ್ಲೇ ಇದ್ದರು. ಕಾರ್ಕಳಕ್ಕೆ ಹೊರಟ ಬೆಳಿಗ್ಗೆ ಅಮ್ಮ ಚೆನ್ನೆಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅವರ ಕೈಗೆ ಕೊಡಲು ಹೋದರು. ದೊಡ್ಡಮ್ಮ ಅದನ್ನು ತೆಗೆದುಕೊಂಡರು, ಸೀರೆ ಬಿಚ್ಚಿದರು, ಸುಮಳ ಕೋಣೆಗೆ ನಡೆದು ಕಪಾಟಿನ ಕೆಳಗಿನ ಹಲಗೆಯಲ್ಲಿ ಇಟ್ಟರು.

“ನೀನು ಕೊಂಡುಹೋಗುವುದಿಲ್ವಾ?” ಎಂದು ಅಮ್ಮ ಕೇಳಿದರು.

ದೊಡ್ಡಮ್ಮ ಕೊಡೆ ಎತ್ತಿಕೊಂಡರು. ಅವರ ಬಾಯಿಂದ ನಾನು ಮೊದಲ ಸಲ ಆ ಮಾತು ಕೇಳಿದೆ.

“ಇಲ್ಲೇ ಇರಲಿ. ಬೇಕಾದೀತು.”